ಆವಿಗೆಯ ಬೆಂಕಿ ತಂತಿಗೆ ಇಳಿದ ಕತೆ

ತಿಗರಿಗೆ ಕರೆಂಟು ಬಂದಾಗಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರ ಸಶಕ್ತೀಕರಣ ಯೋಜನೆ ಶುರು ಮಾಡಿದ ಮೇಲೆ ದೇಶದ ಎಷ್ಟೋ ಕುಂಬಾರ ಓಣಿಗಳಿಗೆ ಮೋಟರ್ ತಿಗರಿ ತಲುಪಿತು. ಹಂಚುವ ಸಮಾರಂಭ, ಗಣ್ಯರು ಮಣ್ಣಿಗೆ ಕೈ ಹಚ್ಚಿದ ಫೋಟೊ, ಮರುದಿನ ಜಿಲ್ಲಾ ಪುಟದಲ್ಲಿ ಸುದ್ದಿ. ಪತ್ರಿಕೆಗೆ ಬೇಕಾದದ್ದು ಯಾವಾಗಲೂ ತಿಗರಿಯ ಚಿತ್ರವೇ. ಆದರೆ ಹಸಿ ಮಣ್ಣು ಗಡಿಗೆಯಾಗುವುದು ಆವಿಗೆಯಲ್ಲಿ. ಅಲ್ಲಿ ಇವತ್ತಿಗೂ ಹುಲ್ಲು, ಕುಳ್ಳು, ತೆಂಗಿನ ಮಟ್ಟೆ, ಸೌದೆಯದೇ ಕಾರುಬಾರು.

ಕರೆಂಟಿನಲ್ಲಿ ಸುಡುವ ಸಣ್ಣ ಭಟ್ಟಿ ನಮ್ಮ ಕಡೆಗೆ ಬಂದದ್ದು ಬೇರೆ ದಾರಿಯಿಂದ. ಮೊದಲು ಕಲಾ ಕಾಲೇಜು ಮತ್ತು ನಗರದ ಸ್ಟುಡಿಯೊ, ಆಮೇಲೆ ಶಾಲೆಯ ಕರಕುಶಲ ಕೋಣೆ, ಈಗ ಟೆರಾಕೋಟಾ ಓಲೆ, ಸರ ಮಾಡುವ ಹೆಣ್ಣುಮಕ್ಕಳ ಹಿತ್ತಲ ಕೋಣೆ. ಇವರಲ್ಲಿ ಹೆಚ್ಚಿನವರು ಆವಿಗೆಯ ಪಕ್ಕ ಬೆಳೆದವರಲ್ಲ. ಆವಿಗೆಯ ಪಕ್ಕ ಬೆಳೆದ ಕುಂಬಾರರಿಗೆ ಈ ಭಟ್ಟಿ ಸಿಕ್ಕಿಲ್ಲ. ಹೀಗಾಗಿ ಬೆಂಕಿ ಕಾಯುವ ವಿದ್ಯೆ ಒಂದು ಕಡೆ, ಬೆಂಕಿಯ ಪೆಟ್ಟಿಗೆ ಇನ್ನೊಂದು ಕಡೆ ಉಳಿಯಿತು. ಭಟ್ಟಿಯ ಜೊತೆ ಬರುವ ಕೈಪಿಡಿಯಲ್ಲಿ 'ಮಾಡಬೇಡಿ' ಎಂಬ ಸಾಲುಗಳು ಸಾಕಷ್ಟಿರುತ್ತವೆ, ಯಾಕೆ ಮಾಡಬಾರದು ಎಂಬುದು ಇರುವುದಿಲ್ಲ. ಆ 'ಯಾಕೆ' ಇರುವುದು ಭಟ್ಟಿಯ ಚರಿತ್ರೆಯಲ್ಲಿ. ಅದನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

ಹಳೆಯ ಆವಿಗೆಯಲ್ಲಿ ಥರ್ಮಾಮೀಟರ್ ಇರಲಿಲ್ಲ, ಕಣ್ಣು ಮೂಗು ಇದ್ದವು. ಮೊದಲು ಬೂದಿ ಬಿಳುಪಿನ ಹೊಗೆ, ಅದರಲ್ಲಿ ಹಸಿಮಣ್ಣಿನ ಹಬೆ. ಹಬೆ ಪೂರ್ತಿ ಹೋಗುವ ತನಕ ಉರಿ ಜೋರು ಮಾಡುವ ಹಾಗಿಲ್ಲ. ಆಮೇಲೆ ಸಂದಿಯಲ್ಲಿ ಕಾಣುವ ಮಂಕು ಕೆಂಪು, ಅಂದರೆ ಸುಮಾರು 600ರಿಂದ 700 ಡಿಗ್ರಿ. ಅದು ಕಿತ್ತಳೆಗೆ ತಿರುಗಿದರೆ 900 ದಾಟುತ್ತಿದೆ ಎಂದರ್ಥ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವಲ್ಲ, ಆ ವರುಷದ ಕೆಲಸವನ್ನು ದೊಣ್ಣೆಯೇ ಬೇಕಿಲ್ಲದೆ ಒಂದು ರಾತ್ರಿಯ ಅವಸರದ ಉರಿಯೂ ಒಡೆದು ಹಾಕುತ್ತಿತ್ತು. ಹಾಗಾಗಿ ಆವಿಗೆ ಹೊತ್ತಿಸಿ ಯಾರೂ ಮನೆಗೆ ಹೋಗಿ ಮಲಗುತ್ತಿರಲಿಲ್ಲ.

ಆ ಕಣ್ಣಿನ ಕೆಲಸವನ್ನು ವಸ್ತುವಿಗೆ ವಹಿಸುವ ಪ್ರಯತ್ನ ಯುರೋಪಿನಲ್ಲಿ ಶುರುವಾಯಿತು. ಇಂಗ್ಲೆಂಡಿನ ಕುಂಬಾರಿಕೆ ಉದ್ಯಮಿ ಜೋಸಾಯ ವೆಜ್‌ವುಡ್ 1782ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಸರಳ ಸಾಧನ ಇಟ್ಟ. ಮಣ್ಣಿನ ಸಣ್ಣ ತುಂಡುಗಳನ್ನು ಭಟ್ಟಿಯಲ್ಲಿ ಇಡುವುದು, ತೆಗೆದ ಮೇಲೆ ಅವು ಎಷ್ಟು ಕುಗ್ಗಿವೆ ಎಂದು ಕಿರಿದಾಗುತ್ತ ಹೋಗುವ ಲೋಹದ ಗಾಡಿಯಲ್ಲಿ ಜಾರಿಸಿ ಅಳೆಯುವುದು. ಅವನ ಡಿಗ್ರಿಗಳ ಲೆಕ್ಕ ತಪ್ಪಾಗಿತ್ತು, ದಾರಿ ತಪ್ಪಾಗಿರಲಿಲ್ಲ. ನೂರು ವರ್ಷದ ನಂತರ, 1886ರಲ್ಲಿ, ಬರ್ಲಿನ್ನಿನ ರಾಜಾಶ್ರಯದ ಪಿಂಗಾಣಿ ಕಾರ್ಖಾನೆಯಲ್ಲಿದ್ದ ಹರ್ಮನ್ ಸೇಗರ್ ಮಣ್ಣು ಮತ್ತು ಗಾಜಾಗುವ ಖನಿಜಗಳನ್ನು ಬೆರೆಸಿ ಮೊನಚು ಗೋಪುರಗಳನ್ನು ಮಾಡಿದ. ಒಂದೊಂದು ಸಂಖ್ಯೆಯ ಗೋಪುರ ಒಂದೊಂದು ಹದದಲ್ಲಿ ಬಾಗುತ್ತದೆ. ಅಮೆರಿಕದ ಓಹಾಯೋದಲ್ಲಿ ಎಡ್ವರ್ಡ್ ಆರ್ಟನ್ 1896ರಿಂದ ಅದೇ ಮಾದರಿಯ ಕೋನ್ ತಯಾರಿಸತೊಡಗಿದ. ಇವತ್ತು ಅಂಗಡಿಯಲ್ಲಿ 'ಕೋನ್ 06', 'ಕೋನ್ 6' ಎಂದು ಕೇಳುವುದು ಆ ಪರಂಪರೆಯನ್ನೇ. ಆ ಸೊನ್ನೆಯನ್ನು ಲಕ್ಷ್ಯ ಇಟ್ಟು ಓದಬೇಕು. 06 ಎಂದರೆ ಸುಮಾರು 1000 ಡಿಗ್ರಿ, 6 ಎಂದರೆ 1200ರ ಮೇಲೆ. ಕೆಂಪು ಮಣ್ಣಿನ ಓಲೆಗಳನ್ನು ಕೋನ್ 6ಕ್ಕೆ ಸುಟ್ಟರೆ ಅವು ಕರಗಿ ಹಲಗೆಗೆ ಅಂಟಿ ಕೂರುವುದೇ ಹೆಚ್ಚು.

ಅದೇ 1880ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಲ ಶಾಟಲಿಯೆ ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದು ಬಿಸಿಯನ್ನು ವಿದ್ಯುತ್ತಿನಲ್ಲಿ ಅಳೆಯುವ ಥರ್ಮೋಕಪಲ್ ಅನ್ನು ಕೆಲಸಕ್ಕೆ ಬರುವಂತೆ ಮಾಡಿದ. ಎರಡಕ್ಕೂ ವ್ಯತ್ಯಾಸವಿದೆ. ಥರ್ಮೋಕಪಲ್ ಆ ಕ್ಷಣದ ಬಿಸಿ ಹೇಳುತ್ತದೆ. ಕೋನ್ ಮಣ್ಣು ಒಟ್ಟು ಎಷ್ಟು ಬೆಂದಿದೆ ಎಂದು ಹೇಳುತ್ತದೆ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವ ಹಾಗೆ ಅದು. ಡಿಜಿಟಲ್ ಅಂಕಿ ಹೊಳೆಯುವ ಭಟ್ಟಿಯಲ್ಲೂ ಒಳಗೊಂದು ಕೋನ್ ಇಡುವ ರೂಢಿ ಉಳಿದಿರುವುದು ಇದಕ್ಕೇ.

ಇಷ್ಟಾದರೂ ಬೆಂಕಿ ಸೌದೆ, ಕಲ್ಲಿದ್ದಲಿನದೇ ಆಗಿತ್ತು. ಕರೆಂಟಿನಿಂದ ಬಿಸಿ ಮಾಡಬಹುದು ಎಂಬುದು ಗೊತ್ತಿದ್ದ ಸಂಗತಿ, ತೊಂದರೆ ಇದ್ದದ್ದು ತಂತಿಯದು. ಕಬ್ಬಿಣದ ತಂತಿ ಕೆಂಪಾದರೆ ಗಾಳಿಗೆ ಸುಟ್ಟು ಉದುರುತ್ತದೆ. ಪ್ಲಾಟಿನಂ ತಾಳುತ್ತದೆ, ಅದನ್ನು ಕೊಳ್ಳುವ ಕುಂಬಾರ ಎಲ್ಲಿದ್ದಾನೆ? ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ತಂತಿಗೆ 1906ರಲ್ಲಿ ಪೇಟೆಂಟ್ ಪಡೆದ. ನಮ್ಮ ಇಸ್ತ್ರಿ ಪೆಟ್ಟಿಗೆ, ಕರೆಂಟ್ ಒಲೆಗಳಲ್ಲಿ ಇರುವ ನೈಕ್ರೋಮ್ ಇದೇ. ಪಿಂಗಾಣಿಯ ಬಿಸಿಗೆ ಅದೂ ಸಾಲದು. 1920ರ ದಶಕದಲ್ಲಿ ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೊ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿಸಿ ಕಾಂತಾಲ್ ತಂತಿ ಮಾಡಿದ. ಇವತ್ತಿನ ಭಟ್ಟಿಯ ಗೋಡೆಯ ತೋಡಿನಲ್ಲಿ ಸುತ್ತಿಕೊಂಡಿರುವ ಕಾಯಿಲ್ ಸಾಮಾನ್ಯವಾಗಿ ಈ ಜಾತಿಯದು.

ಈ ತಂತಿಯ ಗುಟ್ಟು ಅದರ ಚರ್ಮದಲ್ಲಿದೆ. ಬಿಸಿಯಾದಾಗ ಅಲ್ಯೂಮಿನಿಯಂ ಮೇಲಕ್ಕೆ ಬಂದು ಗಾಳಿಯ ಆಮ್ಲಜನಕ ಸೇರಿ ತೆಳುವಾದ ಪದರ ಕಟ್ಟುತ್ತದೆ, ಒಳಗಿನ ಲೋಹವನ್ನು ಅದೇ ಕಾಯುತ್ತದೆ. ಹೊಸ ಭಟ್ಟಿಯನ್ನು ಮೊದಲ ಸಲ ಸಾಮಾನು ಇಡದೆ ಖಾಲಿ ಸುಡಬೇಕು ಎನ್ನುವುದು ಆ ಚರ್ಮ ಕಟ್ಟಲಿ ಎಂದು. ಬಣ್ಣದ ಹೊಳಪಿಗೆಂದು ಭಟ್ಟಿಯೊಳಗೆ ಇದ್ದಿಲು, ಮರದ ಹೊಟ್ಟು ಹಾಕಿ ಹೊಗೆ ಕೊಡಬಾರದು ಎನ್ನುವುದು ಆ ಚರ್ಮ ಹಾಳಾಗುತ್ತದೆ ಎಂದು. ಗ್ಲೇಜಿನ ಒಂದು ಹನಿ ಕಾಯಿಲ್ ಮೇಲೆ ಬಿದ್ದರೂ ಅದು ಅಲ್ಲೇ ತಂತಿಯನ್ನು ತಿನ್ನುತ್ತದೆ. ಸುಡುವ ಮೊದಲು ತೋಡುಗಳ ಚೂರು, ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು ತೆಗೆಯುವುದು, ಹಲಗೆಗಳಿಗೆ ಅಲ್ಯೂಮಿನಾ ಮತ್ತು ಬಿಳಿ ಜೇಡಿ ಕದಡಿ ಬಳಿಯುವುದು ಇದಕ್ಕಾಗಿ. ಒಮ್ಮೆ ಕಾದು ತಣಿದ ತಂತಿ ಒಣ ಕಡ್ಡಿಯಂತೆ ಪೆಡಸಾಗುತ್ತದೆ, ತೋಡಿನಿಂದ ಜಾರಿದೆ ಎಂದು ತಣ್ಣಗಿರುವಾಗ ಒತ್ತಿದರೆ ಟಕ್ಕನೆ ಮುರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಇಸ್ತ್ರಿ ಪೆಟ್ಟಿಗೆಯಲ್ಲಿ ತಂತಿ ಒಳಗೆ ಮುಚ್ಚಿದೆ, ಭಟ್ಟಿಯಲ್ಲಿ ಅದು ಬರಿಮೈ. ಮುಚ್ಚಳ ತೆಗೆದು ಕೈ ಅಥವಾ ಇಕ್ಕಳ ಹಾಕುವ ಮೊದಲು ಮೇನ್ ಸ್ವಿಚ್ ಆರಿಸಿರಬೇಕು. ನಿಯಂತ್ರಣದ ಗುಂಡಿ ಸೊನ್ನೆಗೆ ತಂದರಷ್ಟೇ ಸಾಲದು.

ಈಗ ನಮ್ಮ ನೆಲಕ್ಕೆ ಬರೋಣ. ಮಣ್ಣಿಗೂ ಕರೆಂಟಿಗೂ ಇಲ್ಲಿ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಕಂಬದ ಮೇಲೆ ತಂತಿ ಹಿಡಿಯಲು ಪಿಂಗಾಣಿ ಬೇಕು, ಅದಿಲ್ಲದೆ ಕರೆಂಟು ಕಂಬಕ್ಕೇ ಇಳಿದೀತು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ನಡೆಸಿ ಇನ್ಸುಲೇಟರ್ ಮಾಡಿಸಿತು. ಅದು ಮುಂದೆ ಮೈಸೂರು ಪೋರ್ಸಿಲೇನ್ಸ್ ಆಗಿ, ಕೊನೆಗೆ ಬಿಎಚ್‌ಇಎಲ್ ಸೇರಿತು. ಮಣ್ಣು ಕರೆಂಟಿಗೆ ಕೆಲಸ ಮಾಡಿತು, ಕರೆಂಟು ಕುಂಬಾರನಿಗೆ ಕೆಲಸ ಮಾಡಲು ಮುಕ್ಕಾಲು ಶತಮಾನ ಕಳೆದರೂ ಬರಲಿಲ್ಲ. ಹಳ್ಳಿಗೆ ಬಂದ ಲೈನು ಎರಡು ಬಲ್ಬು ಮತ್ತು ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಬಂದದ್ದು. ಭಟ್ಟಿಯ ಅಪಾಯಗಳಲ್ಲಿ ದೊಡ್ಡದು ಈ ಲೆಕ್ಕದಲ್ಲೇ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಸ್ವಲ್ಪ ಗಣಿತ ಮಾಡಿ. ಮನೆಯ ದೊಡ್ಡ ಪ್ಲಗ್ ಪಾಯಿಂಟು 16 ಆಂಪಿಯರಿನದು, 230 ವೋಲ್ಟಿನಲ್ಲಿ ಹೆಚ್ಚೆಂದರೆ 3.6 ಕಿಲೋವಾಟ್ ಎಳೆಯಬಲ್ಲುದು, ಅದೂ ಗಂಟೆಗಟ್ಟಲೆ ಅಲ್ಲ. 6 ಕಿಲೋವಾಟಿನ ಭಟ್ಟಿ 26 ಆಂಪಿಯರ್ ಎಳೆಯುತ್ತದೆ, ಎಂಟು ಹತ್ತು ಗಂಟೆ ಎಳೆಯುತ್ತಲೇ ಇರುತ್ತದೆ. ಅದಕ್ಕೆ ಮೀಟರ್ ಬೋರ್ಡಿನಿಂದ ನೇರವಾಗಿ 6 ಚದರ ಮಿಲಿಮೀಟರಿನ ತಾಮ್ರದ ತಂತಿ, ಬೇರೆಯದೇ 32 ಆಂಪಿಯರಿನ ಎಂಸಿಬಿ, ಸೋರಿಕೆಗೆ ಟ್ರಿಪ್ ಆಗುವ ಆರ್‌ಸಿಸಿಬಿ, ಗಟ್ಟಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸುವುದು, ಎರಡು ತಂತಿ ತಿರುಚಿ ಟೇಪು ಸುತ್ತುವುದು ಮಿಕ್ಸಿಗೆ ನಡೆದೀತು. ಭಟ್ಟಿಗೆ ಮಾಡಿದರೆ ಬೆಂಕಿ ಭಟ್ಟಿಯೊಳಗಲ್ಲ, ಆ ಗಂಟಿನಲ್ಲಿ ಹೊತ್ತುತ್ತದೆ. ಸಡಿಲ ಸ್ಕ್ರೂ, ಕಪ್ಪಾದ ಪ್ಲಗ್ಗು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕಂಡರೆ ಆ ದಿನದ ಸುಡುವಿಕೆ ಅಲ್ಲಿಗೇ ನಿಲ್ಲಬೇಕು.

ಇನ್ನು ವೋಲ್ಟೇಜು. ಸಂಜೆ ಊರಿನ ವೋಲ್ಟೇಜು 230ರಿಂದ 190ಕ್ಕೆ ಇಳಿದರೆ ಭಟ್ಟಿಯ ಶಕ್ತಿ ಆರನೆಯ ಒಂದು ಭಾಗದಷ್ಟೇ ಕಡಿಮೆಯಾಯಿತು ಎಂದುಕೊಳ್ಳುತ್ತೇವೆ. ಹಾಗಲ್ಲ, ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. 6 ಕಿಲೋವಾಟಿನ ಭಟ್ಟಿ 4.1ಕ್ಕೆ ಇಳಿದಿರುತ್ತದೆ. ಕೊನೆಯ ನೂರು ಡಿಗ್ರಿ ಏರದೆ ರಾತ್ರಿಯಿಡೀ ಒದ್ದಾಡುತ್ತದೆ, 'ಕಾಯಿಲ್ ಹೋಯಿತು' ಎಂದು ಜನ ಕಾಯಿಲ್ ಬದಲಿಸುತ್ತಾರೆ. ಮೊದಲು ಮಲ್ಟಿಮೀಟರ್ ಹಿಡಿದು ವೋಲ್ಟೇಜು ನೋಡಬೇಕು, ಆಮೇಲೆ ಮೇನ್ ಆರಿಸಿ ಕಾಯಿಲ್‌ನ ಓಮ್ಸ್. ಹೊಸದಿದ್ದಾಗಿನ ಓಮ್ಸ್‌ಗಿಂತ ಶೇ 10ರಷ್ಟು ಏರಿದ್ದರೆ ತಂತಿಗೆ ವಯಸ್ಸಾಯಿತು. ಖರ್ಚಿನ ಮಾತೂ ಬಂತು. ಇಂಥ ಭಟ್ಟಿ ಒಂದು ಸಲಕ್ಕೆ 30 ಯೂನಿಟ್ ತಿಂದರೆ, ಏಳು ಸಲಕ್ಕೇ ಗೃಹಜ್ಯೋತಿಯ 200 ಯೂನಿಟ್ ಮೀರುತ್ತದೆ.

ಕಾಯುವ ಕಣ್ಣಿನ ಕತೆ ಇನ್ನೂ ಮುಗಿದಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಡಾಸನ್ ಕಿಲ್ನ್ ಸಿಟರ್ ಎಂಬ ಸಾಧನ ಬಂತು. ಕಡ್ಡಿಯಷ್ಟು ಸಣ್ಣ ಕೋನ್ ಮೇಲೆ ಒಂದು ಸರಳು ಒರಗಿರುತ್ತದೆ. ಹದ ಬಂದಾಗ ಕೋನ್ ಬಾಗುತ್ತದೆ, ಸರಳು ಇಳಿಯುತ್ತದೆ, ಹೊರಗಿನ ತೂಕ ಬಿದ್ದು ಕರೆಂಟು ಕಡಿಯುತ್ತದೆ. ಮಗು ಕಾಯುವವರನ್ನು ಬೇಬಿ ಸಿಟರ್ ಎನ್ನುವ ಹಾಗೆ ಆ ಹೆಸರು. ಅದು ಸಿಕ್ಕಿಕೊಂಡರೆ ಎಂಬ ಭಯಕ್ಕೆ ಪಕ್ಕದಲ್ಲೊಂದು ಟೈಮರ್ ಇಟ್ಟರು. ಆಮೇಲೆ ಡಿಜಿಟಲ್ ಕಂಟ್ರೋಲರ್ ಬಂತು, ಅದಕ್ಕೂ ಭಯಗಳಿವೆ. ರಿಲೇ ಅಂಟಿಕೊಂಡರೆ ಪರದೆ 'ಮುಗಿಯಿತು' ಎಂದರೂ ಭಟ್ಟಿ ಉರಿಯುತ್ತಲೇ ಇರುತ್ತದೆ. ಥರ್ಮೋಕಪಲ್ ತನ್ನ ತೂತಿನಿಂದ ಹೊರಗೆ ಜಾರಿದ್ದರೆ ಒಳಗೆ 1100 ಇದ್ದರೂ ಅದು 300 ಎನ್ನುತ್ತದೆ, ಪಾಪದ ಕಂಟ್ರೋಲರ್ ಇನ್ನಷ್ಟು ಕರೆಂಟು ಕೊಡುತ್ತದೆ. ಆದ್ದರಿಂದ ಮುಗಿಯುವ ಹೊತ್ತಿಗೆ ಮನುಷ್ಯರೊಬ್ಬರು ಅಲ್ಲಿರಬೇಕು, ಮೇನ್ ಸ್ವಿಚ್ ಭಟ್ಟಿಯಿಂದ ದೂರದಲ್ಲಿ, ಕೈಗೆ ಸಿಗುವಂತೆ ಇರಬೇಕು. ಇಣುಕು ತೂತಿನಲ್ಲಿ ನೋಡುವಾಗ ವೆಲ್ಡಿಂಗ್ ಮಾಡುವವರ ತೆಳು ಗಾಜಿನಂಥ ಕನ್ನಡಕ ಹಾಕಬೇಕು. ಬರಿಗಣ್ಣಿನಲ್ಲಿ ಹತ್ತಿರದಿಂದ ನೋಡುವುದು ಬೇಡ.

ಹಳೆಯ ಆವಿಗೆ ಇದ್ದದ್ದು ಊರಾಚೆಯ ಬಯಲಿನಲ್ಲಿ. ಕರೆಂಟ್ ಭಟ್ಟಿ ಬಂದು ಕೂತದ್ದು ಮನೆಯೊಳಗೆ. ಹೊಗೆ ಕಾಣದ್ದರಿಂದ ಗಾಳಿ ಶುದ್ಧ ಎಂದು ತಿಳಿಯುವುದು ತಪ್ಪು. ಮಣ್ಣಿನಲ್ಲಿರುವ ಬೇರು, ಎಲೆಯ ಅಂಶ ಸುಡುವಾಗ ಭಟ್ಟಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ತೆರೆದಿರಬೇಕು, ಎಕ್ಸಾಸ್ಟ್ ಫ್ಯಾನ್ ಇರಬೇಕು, ಆ ಕೋಣೆಯಲ್ಲಿ ಯಾರೂ ಮಲಗಬಾರದು. ಭಟ್ಟಿಯ ಸುತ್ತ ಒಂದೂವರೆ ಅಡಿ ಖಾಲಿ ಜಾಗ, ಕೆಳಗೆ ಸಿಮೆಂಟು ಅಥವಾ ಕಲ್ಲಿನ ನೆಲ, ಮೇಲೆ ಗರಿ ಅಥವಾ ಪ್ಲಾಸ್ಟಿಕ್ ಶೀಟು ಇಲ್ಲದ ಸೂರು. ಹೊರಗಿನ ತಗಡು ಕೈ ಸುಡುವಷ್ಟು ಕಾಯುತ್ತದೆ, ಮಕ್ಕಳಿರುವ ಮನೆಯಲ್ಲಿ ಬಾಗಿಲಿಗೆ ಬೀಗ ಬೇಕು. ಒಣಗಿದ ಮಣ್ಣಿನ ಪುಡಿಯಲ್ಲಿ ಸಿಲಿಕಾ ಇದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಗುಡಿಸಿ ಎಬ್ಬಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹಬೆಯ ನಿಯಮ ಮಾತ್ರ ಬದಲಾಗಿಲ್ಲ. ಸಾಮಾನು ಎಷ್ಟೇ ಒಣಗಿದಂತೆ ಕಂಡರೂ ಮೊದಲ 120 ಡಿಗ್ರಿ ನಿಧಾನ, ಮುಚ್ಚಳ ಒಂದು ಬೆರಳಿನಷ್ಟು ಎತ್ತಿಟ್ಟು. ಅವಸರಪಟ್ಟರೆ ಒಳಗಿನ ನೀರು ಹಬೆಯಾಗಿ ಓಲೆಯನ್ನು ಸಿಡಿಸುತ್ತದೆ, ಆ ಚೂರು ಕಾಯಿಲ್ ತೋಡಿಗೆ ಬೀಳುತ್ತದೆ. 573 ಡಿಗ್ರಿಯ ಹತ್ತಿರ ಮಣ್ಣಿನ ಸ್ಫಟಿಕ ಕಣಗಳು ಹಠಾತ್ತನೆ ಹಿಗ್ಗುತ್ತವೆ, ತಣಿಯುವಾಗ ಅಲ್ಲೇ ಕುಗ್ಗುತ್ತವೆ. ಬೇಗ ನೋಡುವ ಆಸೆಗೆ ಮುಚ್ಚಳ ತೆಗೆದವರ ಗಡಿಗೆ ಸೀಳುವುದು ಈ ಕಾರಣಕ್ಕೂ ಹೌದು. ನೂರಕ್ಕಿಂತ ಕೆಳಗೆ ಇಳಿಯುವ ತನಕ, ಅಂದರೆ ಹೆಚ್ಚಾಗಿ ಮರುದಿನ ಬೆಳಿಗ್ಗೆಯ ತನಕ, ಮುಚ್ಚಿಯೇ ಇರಲಿ.

ಮಳೆಗಾಲಕ್ಕೆ ಒಂದು ಮಾತು. ಭಟ್ಟಿಯ ಹಗುರ ಇಟ್ಟಿಗೆ ಉಗುರಿಗೆ ಕೆರೆಯುವಷ್ಟು ಮೆದು, ಸ್ಪಂಜಿನಂತೆ ತೇವ ಹೀರುತ್ತದೆ. ಜೂನ್ ಜುಲೈನಲ್ಲಿ ಎರಡು ತಿಂಗಳು ಸುಮ್ಮನಿದ್ದ ಭಟ್ಟಿ ಹಚ್ಚಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಬಹಳ ಜನ ಆಗ ಎಲೆಕ್ಟ್ರಿಷಿಯನ್ ಕರೆದು ಅದನ್ನೇ ತೆಗೆಸಿ ನೇರ ಜೋಡಿಸುತ್ತಾರೆ. ಬಿದ್ದದ್ದು ಯಾಕೆಂದರೆ ತೇವದ ಇಟ್ಟಿಗೆಯ ಮೂಲಕ ಕರೆಂಟು ತಗಡಿಗೆ ಸೋರುತ್ತಿದೆ. ಮುಚ್ಚಳ ತೆರೆದಿಟ್ಟು, ಒಣ ದಿನ ನೋಡಿ, ಫ್ಯಾನಿನ ಗಾಳಿಗೆ ಒಂದೆರಡು ದಿನ ಒಣಗಿಸಿ ಮತ್ತೆ ಹಚ್ಚಿ. ಆಗಲೂ ಬಿದ್ದರೆ ಅರ್ಥಿಂಗ್ ಮತ್ತು ಕಾಯಿಲ್ ಎರಡನ್ನೂ ತಿಳಿದವರಿಗೆ ತೋರಿಸಿದ ಮೇಲೆಯೇ ಸಾಮಾನು ಜೋಡಿಸುವುದು.