ಮೂರನೇ ದಿನ ಬಂದಿಳಿಯುವ ಡಾಕ್ಟರು

ಸೊಲ್ಲಾಪುರದ ಕಡೆಯವರಿಗೆ ಡಾ. ದ್ವಾರಕಾನಾಥ ಕೋಟ್ನಿಸರ ಕಥೆ ಹೊಸದಲ್ಲ. 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದವರು ಅಲ್ಲಿಯ ಭಾಷೆ ಕಲಿತರು, ಅಲ್ಲೇ ಮದುವೆಯಾದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಶಾಂತಾರಾಮರು ಅವರ ಮೇಲೆ ಸಿನಿಮಾನೂ ಮಾಡಿದರು. ಪರದೇಶಕ್ಕೆ ಸೇವೆಗೆಂದು ಹೋಗುವ ವೈದ್ಯ ಎಂದರೆ ನಮ್ಮ ಕಣ್ಣಿಗೆ ಈಗಲೂ ಬರುವುದು ಅದೇ ಚಿತ್ರ.

ಆದರೆ ಕೋಟ್ನಿಸರು ಹೋದದ್ದು ಯುದ್ಧಕ್ಕೆ. ಯುದ್ಧ ವರ್ಷಗಟ್ಟಲೆ ನಡೆಯುತ್ತದೆ, ಕಲಿಯಲು ಸಮಯ ಕೊಡುತ್ತದೆ. ಭೂಕಂಪ ಹಾಗಲ್ಲ. ಅವಶೇಷದಡಿ ಬದುಕಿ ಉಳಿದವರಲ್ಲಿ ಹೆಚ್ಚಿನವರನ್ನು ಮೊದಲ ಒಂದೆರಡು ದಿನದಲ್ಲಿ ಅಕ್ಕಪಕ್ಕದ ಮನೆಯವರೇ ಬರಿಗೈಯಲ್ಲಿ ಎಳೆದು ತೆಗೆದಿರುತ್ತಾರೆ. ಹೊರದೇಶದ ಡಾಕ್ಟರ ವಿಮಾನ ಇಳಿಯುವುದು ಬಹುಮಟ್ಟಿಗೆ ಅದಾದ ಮೇಲೆ. ಹಾಗಿದ್ದರೆ ಅವರು ಹೋಗುವುದಾದರೂ ಯಾಕೆ?

1988ರ ಡಿಸೆಂಬರ್ 7ರಂದು ಆರ್ಮೇನಿಯಾದ ಸ್ಪಿತಾಕ್, ಲೆನಿನಾಕಾನ್ ಊರುಗಳು ಕುಸಿದವು. ಸುಮಾರು 25,000 ಜನ ಸತ್ತರು. ಆಸ್ಪತ್ರೆಗಳೂ ಬಿದ್ದವು, ಒಳಗಿದ್ದ ವೈದ್ಯರೂ ಹೋದರು. ನ್ಯೂಯಾರ್ಕಿನಲ್ಲಿದ್ದ ಗೋರ್ಬಚೆವ್ ಪ್ರವಾಸ ಮೊಟಕು ಮಾಡಿ ಮರಳಿದರು. ದಶಕಗಳಿಂದ ಮುಚ್ಚಿದ್ದ ಸೋವಿಯತ್ ಬಾಗಿಲು ಹೊರಗಿನ ನೆರವಿಗೆ ತೆರೆಯಿತು.

ತೆರೆದ ಬಾಗಿಲಲ್ಲಿ ಬಂದದ್ದೇನು? ಔಷಧ ಮತ್ತು ವೈದ್ಯಕೀಯ ಸಾಮಗ್ರಿಯೇ ಕನಿಷ್ಠ 5,000 ಟನ್. ಏನೇನು ಬಂದಿದೆ ಎಂದು ತಿಳಿಯಲು 50 ಜನಕ್ಕೆ ಆರು ತಿಂಗಳು ಹಿಡಿಯಿತು. ನೂರಕ್ಕೆ 8 ಪಾಲು ಅವಧಿ ಮುಗಿದದ್ದು, 4 ಪಾಲು ಚಳಿಗೆ ಕೆಟ್ಟದ್ದು. ಉಳಿದದ್ದರಲ್ಲಿ ಬಹುಪಾಲಿನ ಮೇಲೆ ಇದ್ದದ್ದು ಬರೀ ಬ್ರ್ಯಾಂಡ್ ಹೆಸರು, ಅದೂ ಹತ್ತಾರು ಭಾಷೆಗಳಲ್ಲಿ. ಊರಿಂದ ತಂದ ಮಾತ್ರೆಯ ಹೆಸರು ಹೇಳಿದರೆ ದೆಹಲಿಯ ಮೆಡಿಕಲ್ ಶಾಪಿನವನು ತಲೆ ಅಲ್ಲಾಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಹೊರಗೆ ಗಾಯಾಳುಗಳ ಸಾಲು ನಿಂತಿರುವಾಗ ಅದೇ ಪಾಡು ಹೇಗಿದ್ದೀತು, ಊಹಿಸಿ. ದಾನದ ಔಷಧಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನಿಯಮ ಬರೆದದ್ದು 1996ರಲ್ಲಿ.

ಆರ್ಮೇನಿಯಾ ಇನ್ನೊಂದು ಪಾಠವನ್ನೂ ಕಲಿಸಿತು. ನನಗೆ ಮುಖ್ಯ ಅನ್ನಿಸುವುದು ಅದೇ. ಗೋಡೆಯಡಿ ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡವನನ್ನು ಹೊರಗೆಳೆದಾಗ ಅವನು ಮಾತಾಡುತ್ತಿರುತ್ತಾನೆ, ನೀರು ಕೇಳುತ್ತಾನೆ. ಬದುಕಿದ ಎಂದು ಎಲ್ಲರೂ ಉಸಿರುಬಿಡುತ್ತಾರೆ. ಅಷ್ಟರಲ್ಲಿ ಜಜ್ಜಿದ ಸ್ನಾಯುಗಳಿಂದ ಪೊಟ್ಯಾಸಿಯಂ, ಮಯೋಗ್ಲೋಬಿನ್ ರಕ್ತಕ್ಕೆ ಸೇರುತ್ತಿರುತ್ತವೆ. ಮೊದಲನೆಯದು ಹೃದಯವನ್ನೇ ನಿಲ್ಲಿಸಬಲ್ಲದು. ಎರಡನೆಯದು ಮೂತ್ರಪಿಂಡವನ್ನು ಕೆಡಿಸುತ್ತದೆ. ಲಂಡನ್ನಿನ ಮೇಲೆ ಬಾಂಬ್ ಬೀಳುತ್ತಿದ್ದಾಗ, 1941ರಲ್ಲಿ, ಬೈವಾಟರ್ಸ್ ಮತ್ತು ಬೀಲ್ ಇದನ್ನು ವಿವರವಾಗಿ ಬರೆದಿದ್ದರು. ಆಗ ಡಯಾಲಿಸಿಸ್ ಬಳಕೆಗೆ ಬಂದಿರಲಿಲ್ಲ. ಆರ್ಮೇನಿಯಾದ ಹೊತ್ತಿಗೆ ಇತ್ತು. ನೂರಾರು ಜನಕ್ಕೆ ಅದು ಬೇಕಾಗಿತ್ತು, ಯಂತ್ರಗಳೂ ಬಂದವು, ಇಲ್ಲದಿದ್ದುದು ಹೊಂದಾಣಿಕೆ.

ಮೂತ್ರಪಿಂಡ ಕೈಕೊಡುವುದು ತಕ್ಷಣವಲ್ಲ, ದಿನಗಳ ಲೆಕ್ಕದಲ್ಲಿ. ಅಂದರೆ ಮೂರನೇ ದಿನ ಬಂದಿಳಿಯುವವರಿಗೂ ಇಲ್ಲಿ ನಿಜವಾದ ಕೆಲಸವಿದೆ. 1989ರಲ್ಲಿ ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘ ಇದಕ್ಕೆಂದೇ ಒಂದು ಕಾರ್ಯಪಡೆ ಕಟ್ಟಿತು. ಹತ್ತು ವರ್ಷದ ನಂತರ, 1999ರ ಆಗಸ್ಟ್ 17ರ ನಸುಕಿನಲ್ಲಿ ಟರ್ಕಿಯ ಮರ್ಮರಾ ಪ್ರದೇಶ ನಡುಗಿತು. ಮೂತ್ರಪಿಂಡದ ತೊಂದರೆಗೆ ಸಿಕ್ಕವರು 639 ಜನ, ಡಯಾಲಿಸಿಸ್ ಮಾಡಿಸಿಕೊಂಡವರು 477. ಆ 639ರಲ್ಲಿ 542 ಜನ ಬದುಕಿದರು. ಮುಂದೆ ನಿಂತು ನಡೆಸಿದವರು ಟರ್ಕಿಯ ವೈದ್ಯರೇ. ಹೊರಗಿನವರು ಅವರ ಬೆನ್ನಿಗೆ ನಿಂತರು. ಇದರ ಮೇಲೆ ಯಾರೂ ಸಿನಿಮಾ ಮಾಡಿದಂತಿಲ್ಲ.

ಇಷ್ಟು ಕಲಿತ ಮೇಲೂ 2010ರಲ್ಲಿ ಹೈಟಿಯಲ್ಲಿ ಎಲ್ಲ ಮರೆತುಹೋಯಿತು. ಜನವರಿ 12ರ ಸಂಜೆ ಪೋರ್ಟ್ ಓ ಪ್ರಿನ್ಸ್ ಉರುಳಿದಾಗ ನರ್ಸಿಂಗ್ ಶಾಲೆಯೊಂದು ವಿದ್ಯಾರ್ಥಿನಿಯರ ಸಮೇತ ಕುಸಿಯಿತು. ನಂತರ ಜಗತ್ತಿನ ಮೂಲೆಮೂಲೆಯಿಂದ ಸ್ವಯಂಸೇವಕರು ಬಂದರು. ರಾತ್ರಿ ಹಗಲು ದುಡಿದು ಜೀವ ಉಳಿಸಿದವರು ಅವರಲ್ಲಿ ಬಹಳ. ವಿಪತ್ತಿನ ಅನುಭವವಿಲ್ಲದವರೂ, ತಮ್ಮ ಊಟ ನೀರಿಗೆ ಸ್ಥಳೀಯರನ್ನೇ ನೆಚ್ಚಿದವರೂ ಇದ್ದರು. ಕೈಕಾಲು ಕತ್ತರಿಸಿದ ಶಸ್ತ್ರಚಿಕಿತ್ಸೆಗಳು ಎರಡರಿಂದ ನಾಲ್ಕು ಸಾವಿರ ಎಂದು ಅಂದಾಜು. ಅಂದಾಜೇ, ಏಕೆಂದರೆ ಎಷ್ಟೋ ಕಡೆ ದಾಖಲೆಯನ್ನೇ ಇಡಲಿಲ್ಲ. ಕಾಲು ಕಳೆದುಕೊಂಡವಳಿಗೆ ಯಾರು ಕತ್ತರಿಸಿದರು, ಯಾಕೆ, ಮುಂದೆ ಎಲ್ಲಿಗೆ ಹೋಗಬೇಕು ಎಂದು ಹೇಳುವ ಒಂದು ಚೀಟಿಯೂ ಇಲ್ಲ. ಅದೇ ಅಕ್ಟೋಬರಿನಲ್ಲಿ ಕಾಲರಾ ಹರಡಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರದ ಹೊಲಸು ನದಿಗೆ ಸೇರಿ ಬಂದ ರೋಗ ಅದು. ಸುಮಾರು 10,000 ಜನ ಸತ್ತರು. ಆ ಶಿಬಿರದವರು ವೈದ್ಯರಲ್ಲ ನಿಜ, ಆದರೆ ಅವರೂ ಆ ದೇಶಕ್ಕೆ ನೆರವಿಗೆಂದೇ ಬಂದವರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ.

2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರದೇಶದ ವೈದ್ಯಕೀಯ ತಂಡಗಳಿಗೆ ದರ್ಜೆ ಕಟ್ಟಿತು. ಮೊದಲ ದರ್ಜೆಯವರು ದಿನಕ್ಕೆ ಕನಿಷ್ಠ 100 ಹೊರರೋಗಿಗಳನ್ನು ನೋಡಬೇಕು. ಎರಡನೆಯವರಿಗೆ 20 ಹಾಸಿಗೆ, ದಿನಕ್ಕೆ 7 ದೊಡ್ಡ ಅಥವಾ 15 ಸಣ್ಣ ಶಸ್ತ್ರಚಿಕಿತ್ಸೆ ಮಾಡುವ ಶಕ್ತಿ ಇರಬೇಕು. ಊಟ, ನೀರು, ಇಂಧನ ತಮ್ಮದೇ ತರಬೇಕು. ಇಳಿದ ಕೂಡಲೇ ಆ ದೇಶದ ಅಧಿಕಾರಿಗಳ ಬಳಿ ಹೆಸರು ಬರೆಸಬೇಕು, ರೋಗಿಯ ಕೈಗೆ ದಾಖಲೆ ಕೊಡಬೇಕು. ಓದಲು ಗುಮಾಸ್ತಿಕೆಯಂತಿದೆ. ಆದರೆ ಹೈಟಿಯ ಆ ಹೆಂಗಸಿಗೆ ಸಿಗದ ಚೀಟಿ ಇದೇ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಈ ಕ್ರಮದ ಪರೀಕ್ಷೆಯಾಯಿತು. ನೂರಕ್ಕೂ ಹೆಚ್ಚು ತಂಡಗಳು ಬಂದವು, ಕಠ್ಮಂಡುವಿನಲ್ಲಿ ಅವುಗಳ ಪಟ್ಟಿ ಇಟ್ಟು ಎಲ್ಲಿಗೆ ಹೋಗಬೇಕೆಂದು ಹೇಳುವ ವ್ಯವಸ್ಥೆ ಇತ್ತು. ಗಾಯಾಳುಗಳ ದೊಡ್ಡ ಹೊರೆಯನ್ನು ಮೊದಲ ದಿನಗಳಲ್ಲಿ ಹೊತ್ತವರು ನೇಪಾಳದ ಆಸ್ಪತ್ರೆಗಳವರೇ. ವಾರಗಳು ಕಳೆದು ಹೊರಗಿನ ಡೇರೆಗಳು ಒಂದೊಂದಾಗಿ ಮಡಚಿಕೊಂಡ ಮೇಲೂ ಕಠ್ಮಂಡುವಿನ ಪೂರ್ವಕ್ಕಿರುವ ಸಾಂಗಾದ ಬೆನ್ನುಹುರಿ ಪುನರ್ವಸತಿ ಕೇಂದ್ರದಲ್ಲಿ ಹಾಸಿಗೆ ಸಾಲುತ್ತಿರಲಿಲ್ಲ. ಅಲ್ಲಿ ಬೇಕಾಗಿದ್ದವರು ಸರ್ಜನ್ನರಲ್ಲ. ಸೊಂಟದ ಕೆಳಗೆ ಸ್ಪರ್ಶವಿಲ್ಲದವರಿಗೆ ಹುಣ್ಣಾಗದಂತೆ ಗಂಟೆಗಂಟೆಗೆ ಮಗ್ಗುಲು ಬದಲಿಸುವ ನರ್ಸುಗಳು, ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟುವುದನ್ನು ಕಲಿಸುವ ಫಿಸಿಯೋಥೆರಪಿಸ್ಟುಗಳು, ಮೆಟ್ಟಿಲುಮೆಟ್ಟಿಲಾದ ಬೆಟ್ಟದ ಊರಿಗೆ ಆ ಕುರ್ಚಿ ಹೋದೀತೇ ಎಂದು ಲೆಕ್ಕ ಹಾಕುವವರು.