ಗೋರಟಿ ವೆಂಕನ್ನ: ನಮ್ಮ ಪಾಲಮೂರಿನ ಹಾಡುಗಾರ



ಹೋದ ಕ್ರಿಸ್ಮಸ್ ಹಾಡಿನ ಪ್ರಾಕ್ಟೀಸ್ ನಡೆದಾಗ ನಮ್ಮ ಗಾಯನ ವೃಂದದ ಒಬ್ಬ ತಂಗಿ ಕೇಳಿದಳು: "ಅಣ್ಣಾ, ಇವೆಲ್ಲ ಬೇರೆ ಊರಿನವರು ಬರೆದ ಹಾಡು. ನಮ್ಮ ಕಡೆಯವರು ಬರೆದದ್ದು ಒಂದೂ ಇಲ್ಲೇನು?" ಹಾಡು ಬರೆಯೋರು ದೊಡ್ಡ ಊರಿನವರು ಅಂತ ಹೇಳಿ ನಾನು ಪ್ರಾಕ್ಟೀಸ್ ಮುಂದುವರಿಸಿದೆ. ಆಮೇಲೆ ಯೋಚಿಸಿದಾಗ ನಾನು ಹೇಳಿದ್ದು ತಪ್ಪು ಅನ್ನಿಸಿತು. ಈ ಲೇಖನ ಆ ತಂಗಿಗೆ ಕೊಡುವ ಉತ್ತರ.

ಗೋರಟಿ ವೆಂಕನ್ನ ಅವರ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಅವರು 1963ರಲ್ಲಿ ಹುಟ್ಟಿದ್ದು ಗೌರಾರಂ ಎಂಬ ಹಳ್ಳಿಯಲ್ಲಿ. ಅದು ಈಗ ನಾಗರ್‌ಕರ್ನೂಲ್ ಜಿಲ್ಲೆ. ಆದರೆ 2016ರವರೆಗೆ ಆ ಊರು, 2019ರವರೆಗೆ ನಮ್ಮ ಉಟ್ಕೂರ್, ಎರಡೂ ಮಹಬೂಬ್‌ನಗರ ಜಿಲ್ಲೆಯಲ್ಲೇ ಇದ್ದವು. ಜನರ ಬಾಯಲ್ಲಿ ಅದು ಪಾಲಮೂರು. ಅಂದರೆ ಅವರು ನಮ್ಮ ಹಳೆಯ ಜಿಲ್ಲೆಯವರೇ.

ವೆಂಕನ್ನ ಹಾಡು ಬರೆಯುತ್ತಾರೆ, ತಾವೇ ಮಟ್ಟು ಹಾಕುತ್ತಾರೆ, ತಾವೇ ಹಾಡುತ್ತಾರೆ. ಹಾಡುತ್ತಾ ವೇದಿಕೆಯ ಮೇಲೆ ಹೆಜ್ಜೆಯನ್ನೂ ಹಾಕುತ್ತಾರೆ. ಹೊಟ್ಟೆಪಾಡಿಗೆ ಸಹಕಾರ ಇಲಾಖೆಯ ಸರ್ಕಾರಿ ಕೆಲಸ ಮಾಡಿಕೊಂಡೇ ಹಾಡುಗಾರರಾಗಿ ಬೆಳೆದರು. ಅವರ ಹಾಡು ಸಭೆಯಿಂದ ಸಭೆಗೆ, ಬಾಯಿಂದ ಬಾಯಿಗೆ ಹೋಯಿತು.

ಅವರನ್ನು ಮನೆಮನೆಗೆ ಮುಟ್ಟಿಸಿದ್ದು 'ಪಲ್ಲೆ ಕನ್ನೀರು ಪೆಡುತುಂದೋ' ಎಂಬ ಹಾಡು. ಹಳ್ಳಿ ಕಣ್ಣೀರಿಡುತ್ತಿದೆ ಎಂದು ಅದರ ಅರ್ಥ. 'ಕುಬುಸಂ' ಸಿನಿಮಾದಲ್ಲಿ ಬಂದ ಮೇಲೆ ಅದು ತೆಲುಗು ನಾಡಿನ ಮೂಲೆಮೂಲೆಗೂ ಹೋಯಿತು. ಕುಂಬಾರನ ಆವಿಗೆ, ಕಮ್ಮಾರನ ಕುಲುಮೆ, ನೇಕಾರನ ಮಗ್ಗ ಒಂದೊಂದಾಗಿ ಯಾಕೆ ನಿಂತುಹೋದವು ಎಂದು ಅದು ಕೇಳುತ್ತದೆ. ಜಾಗತೀಕರಣದ ಬಗ್ಗೆ ಪುಸ್ತಕ ಓದದ ರೈತನಿಗೂ ತನ್ನ ಕಸುಬು ಯಾಕೆ ಹೋಯಿತು ಅಂತ ಆ ಹಾಡಿನಿಂದ ತಿಳಿಯಿತು. ಸೀರೆಗೆ ಹೆಸರಾದ ನಾರಾಯಣಪೇಟೆಯ ಪಕ್ಕದಲ್ಲಿರುವ ನಮಗೆ ಮಗ್ಗದ ಮಾತು ದೂರದ್ದಲ್ಲ.

ಇದಕ್ಕೆ ಅವರ ಭಾಷೆಯೂ ಒಂದು ಕಾರಣ. ಅವರು ಬರೆದದ್ದು ಪುಸ್ತಕದ ತೆಲುಗಿನಲ್ಲಲ್ಲ, ಹಳ್ಳಿಯ ತೆಲುಗಿನಲ್ಲಿ. ಒಂದು ಕಾಲಕ್ಕೆ ಸಿನಿಮಾದಲ್ಲಿ ತೆಲಂಗಾಣದ ಮಾತನ್ನು ನಗಿಸುವವರಿಗೂ ಕೇಡಿಗಳಿಗೂ ಮಾತ್ರ ಕೊಡುತ್ತಿದ್ದರು. ಅದೇ ಮಾತಿನ ಹಾಡುಗಳು ತೆಲಂಗಾಣ ಚಳವಳಿಯ 'ಧೂಂ ಧಾಂ' ವೇದಿಕೆಗಳಲ್ಲಿ ಸಾವಿರಾರು ಜನರನ್ನು ಸೇರಿಸಿದವು. 2014ರ ಜೂನ್ 2ರಂದು ಹೊಸ ರಾಜ್ಯ ಬಂತು. ವೆಂಕನ್ನ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. 'ವಲ್ಲಂಕಿ ತಾಳಂ' ಕವನ ಸಂಕಲನಕ್ಕೆ 2021ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಡುಗಾರ ಸರ್ಕಾರಕ್ಕೆ ಹತ್ತಿರವಾದರೆ ಮೊದಲಿನಂತೆ ಪ್ರಶ್ನೆ ಕೇಳಲು ಆಗುತ್ತದೆಯೇ ಅಂತ ನಾವು ಕೇಳಬಹುದು, ಕೇಳಬೇಕು ಕೂಡ. ಆದರೆ ಆ ಹಾಡು ಈಗ ಅವರೊಬ್ಬರದ್ದಾಗಿ ಉಳಿದಿಲ್ಲ, ಹಾಡುವ ಎಲ್ಲರದ್ದೂ ಆಗಿದೆ.

ಈಗ ನಮ್ಮ ಕಡೆ ನೋಡೋಣ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬ್‌ನಗರಕ್ಕೆ ಸೇರಿದವು. ಗಡಿ ಬಂದರೂ ಮನೆಮಾತು ಬದಲಾಗಲಿಲ್ಲ. ನಾವು ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಅದರಲ್ಲೂ ತೆಲುಗು, ಉರ್ದು ಬೆರೆತ ಕನ್ನಡ. ಬೆಂಗಳೂರಿಗೆ ಹೋದರೆ ನಮ್ಮ ಮಾತು ಕೇಳಿ ನಗುತ್ತಾರೆ. ಅದಕ್ಕೇ ನಾವು ಬರೆಯಲು ನಾಚುತ್ತೇವೆ. ವೆಂಕನ್ನ ನಾಚಲಿಲ್ಲ.

ಸಭೆಯ ಇತಿಹಾಸದಲ್ಲೂ ಇದೇ ಪಾಠ ಇದೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರನ್ನು ನಾವು ನಿಘಂಟಿನಿಂದ ಮಾತ್ರ ಬಲ್ಲೆವು. ಆದರೆ ನಿಘಂಟು ಬಂದದ್ದು 1894ರಲ್ಲಿ. ಅದಕ್ಕಿಂತ 32 ವರ್ಷ ಮೊದಲೇ, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಬರೆದಿದ್ದರು. ಜರ್ಮನಿಯಿಂದ ಬಂದವರೇ ನಮ್ಮ ಮಟ್ಟನ್ನು ಕಲಿತು ಬರೆದರೆ, ಇಲ್ಲೇ ಹುಟ್ಟಿದ ನಮಗೆ ಯಾಕೆ ಆಗದು?

ಬರೆಯಲು ವಿಷಯ ಇಲ್ಲವೆಂದಲ್ಲ. 'ಪಾಲಮೂರು ಲೇಬರ್' ಎಂಬ ಹೆಸರು ದೇಶಕ್ಕೇ ಗೊತ್ತು. ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಹಬ್ಬಕ್ಕೆ ಬಂದಾಗ ಗುಡಿ ತುಂಬುತ್ತದೆ, ಹೋದ ಮೇಲೆ ಅಜ್ಜ ಅಜ್ಜಿ, ಮಕ್ಕಳಷ್ಟೇ ಉಳಿಯುತ್ತಾರೆ. 137ನೆಯ ಕೀರ್ತನೆಯನ್ನು ಓದಿ ನೋಡಿ. ಬಾಬಿಲೋನಿನ ನದಿಯ ದಂಡೆಯಲ್ಲಿ ಕೂತು ಸ್ವಂತ ಊರನ್ನು ನೆನೆದು ಅತ್ತ ಜನರ ಹಾಡು ಅದು. ಅಳುವನ್ನೂ ದೇವರ ಮುಂದೆ ಹಾಡಬಹುದು ಎಂದು ಬೈಬಲ್ಲೇ ತೋರಿಸಿದೆ. ನಮ್ಮ ಊರಿನ ಅಳುವನ್ನು ನಾವೇ ಹಾಡದಿದ್ದರೆ ಬೇರೆ ಯಾರು ಹಾಡುತ್ತಾರೆ?

ಆದ್ದರಿಂದ ಯುವಮಿತ್ರರಿಗೆ ಎರಡು ಕೆಲಸ. ಮೊದಲನೆಯದು, ನಿಮ್ಮ ಅಜ್ಜಿಯ ಹತ್ತಿರ ಕೂತು ಒಂದು ಬೀಸುವ ಪದ ಅಥವಾ ಸೋಬಾನೆ ಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಜ್ಜಿ ಹೋದರೆ ಆ ಪದವೂ ಹೋಗುತ್ತದೆ. ಎರಡನೆಯದು, ಅದೇ ಮಟ್ಟಿನಲ್ಲಿ ನಾಲ್ಕು ಸಾಲು ನೀವೇ ಬರೆಯಿರಿ. ದುಡಿಯಲು ಹೋದ ಅಪ್ಪನಿಗಾಗಿ, ಮಳೆಗಾಗಿ, ಯೇಸುವಿನ ಜನನಕ್ಕಾಗಿ, ಯಾವುದಾದರೂ ಸರಿ. ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಇರಲಿ. ತಪ್ಪಿದ್ದರೆ ಕೂತು ತಿದ್ದೋಣ.

ಬರುವ ಕ್ರಿಸ್ಮಸ್‌ನಲ್ಲಿ ಒಂದಾದರೂ ಹಾಡು ಉಟ್ಕೂರಿನದ್ದಾಗಲಿ. ಪ್ರಶ್ನೆ ಕೇಳಿದ ಆ ತಂಗಿಯೇ ಅದನ್ನು ಮೊದಲು ಹಾಡಲಿ.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.