ಅರ್ಕೇಶ್ವರನ ಹೆಸರು, ಬೆಳ್ಗೊಳದ ಕಲ್ಲು

ಮಂಡ್ಯದ ಪೇಟೆಯು ಬೆಳೆಬೆಳೆದು ತನ್ನ ಮಡಿಲಿಗೆ ಸೇರಿಸಿಕೊಂಡಿರುವ ಗುತ್ತಲಿನಲ್ಲಿ ಅರ್ಕೇಶ್ವರಸ್ವಾಮಿಯ ದೇವಾಲಯವಿದೆ. ಅರ್ಕನೆಂದರೆ ಸೂರ್ಯ, ಸೂರ್ಯನಿಗೆ ಒಡೆಯನಾದವನೋ ಸೂರ್ಯನಿಂದ ಅರ್ಚಿತನಾದವನೋ ಆದ ಶಿವನೇ ಅರ್ಕೇಶ್ವರನು ಎಂದು ಸಂಸ್ಕೃತಜ್ಞರು ಒಂದೇ ಉಸಿರಿನಲ್ಲಿ ಸಮಾಸ ಬಿಡಿಸಿ ಮುಂದೆ ಹೋಗುವರು. ಆದರೆ ಅರ್ಕ ಶಬ್ದಕ್ಕೆ ಎಕ್ಕದ ಗಿಡವೆಂಬ ಅರ್ಥವೂ ಉಂಟು. ನಮ್ಮ ‘ಎಕ್ಕ’ ಎಂಬ ಮಾತು ಅದರದೇ ತದ್ಭವ. ಹೊಲದ ಬದುವಿನಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆದು, ಎಲೆ ಮುರಿದರೆ ಹಾಲು ಸುರಿಸುವ ಆ ಗಿಡದ ಹೂವು ಶಿವಪೂಜೆಗೆ ಸಲ್ಲುವಂಥದು. ಹಾಗಾದರೆ ಇವನು ಆಕಾಶದ ಅರ್ಕನಿಗೆ ಈಶ್ವರನೋ, ಬದುವಿನ ಅರ್ಕಕ್ಕೆ ಈಶ್ವರನೋ? ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಅರ್ಕೇಶ್ವರನ ವಿಷಯದಲ್ಲಿಯೂ ಈ ಪ್ರಶ್ನೆಯನ್ನು ಕೇಳಬಹುದು. ಕೈಮುಗಿಯುವವನಿಗೆ ಇದರಿಂದ ಯಾವ ತೊಡಕೂ ಇಲ್ಲ; ತೊಡಕು ಹುಟ್ಟುವುದು ಹೆಸರನ್ನು ಬಿಡಿಸಿ ಅರ್ಥ ಹೇಳಹೊರಟವನಿಗೆ. ದೇವತಾಸ್ವರೂಪವನ್ನು ಕುರಿತು ನಮ್ಮ ಸೀಮೆಯಲ್ಲಿ ನಡೆದ ವಾದಗಳ ಚರಿತ್ರೆಯು ಬಹುಮಟ್ಟಿಗೆ ಹೀಗೆ ಪದಗಳನ್ನು ಬಿಡಿಸಿದವರ ಚರಿತ್ರೆಯೇ ಆಗಿದೆ.

‘ದೇವರು’ ಎಂಬ ಮಾತನ್ನೇ ನೋಡಿರಿ. ರೂಪದಿಂದ ಅದು ಬಹುವಚನ. ಗೌರವಕ್ಕಾಗಿ ಒಬ್ಬನಿಗೇ ಸಲ್ಲುತ್ತದೆ. ಕನ್ನಡ ಬೈಬಲ್ಲಿನ ಹಳೆಯ ಭಾಷಾಂತರದಲ್ಲಿ ಸೃಷ್ಟಿಯ ಕಥೆಯು ಆರಂಭವಾಗುವೆಡೆಯಲ್ಲಿ ಕರ್ತೃಪದವು ‘ದೇವರು’ ಎಂದೂ ಕ್ರಿಯಾಪದವು ‘ಉಂಟುಮಾಡಿದನು’ ಎಂದೂ ಇರುವುದನ್ನು ಕಂಡು ವೈಯಾಕರಣರು ನಗುವುದುಂಟು. ನಗುವ ಮೊದಲು ಹೀಬ್ರೂ ಮೂಲವನ್ನು ವಿಚಾರಿಸುವುದು ಲೇಸು: ಅಲ್ಲಿಯೂ ‘ಎಲೋಹೀಮ್’ ಎಂಬ ಪದವು ಬಹುವಚನರೂಪದ್ದು, ಅದರ ಕ್ರಿಯಾಪದವು ಏಕವಚನದ್ದು! ಅರಬ್ಬೀ ಭಾಷೆಯ ‘ಅಲ್ಲಾ’ ಎಂಬ ಪದಕ್ಕಾದರೋ ಬಹುವಚನವೇ ಇಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥನ ಗುಡಿಯೂ ಟಿಪ್ಪುವಿನ ಮಸೀದಿಯೂ ಕೂಗಳತೆಯಲ್ಲಿ ನಿಂತಿರುವ ಈ ಜಿಲ್ಲೆಯಲ್ಲಿ ಈ ಮೂರು ವ್ಯಾಕರಣಗಳೂ ಒಂದೇ ಕನ್ನಡದೊಳಗೆ ಸಂಸಾರ ಹೂಡಿಕೊಂಡಿವೆ.

ವಾದವು ಅತ್ಯಂತ ಸೂಕ್ಷ್ಮವಾದುದು ಮಾತ್ರ ಮೇಲುಕೋಟೆಯ ಆಚಾರ್ಯರ ಕಾಲದಲ್ಲಿ. ಚೋಳನಾಡನ್ನು ಬಿಟ್ಟು ಬಂದು ತೊಣ್ಣೂರಿನಲ್ಲಿಯೂ ಮೇಲುಕೋಟೆಯೆಂಬ ತಿರುನಾರಾಯಣಪುರದಲ್ಲಿಯೂ ನೆಲಸಿದರೆಂದು ಸಂಪ್ರದಾಯವು ಹೇಳುವ ರಾಮಾನುಜರು, ವೇದದಲ್ಲಿ ಬರುವ ರುದ್ರ ಇಂದ್ರಾದಿ ಶಬ್ದಗಳೆಲ್ಲವೂ ಆಯಾ ದೇವತೆಯಲ್ಲಿ ನಿಲ್ಲದೆ, ಆ ದೇವತೆಗೆ ಅಂತರ್ಯಾಮಿಯಾದ ನಾರಾಯಣನವರೆಗೂ ಹರಿದು ಹೋಗಿ ಅಲ್ಲಿ ಪರ್ಯವಸಾನ ಹೊಂದುವುವೆಂದು ಪ್ರತಿಪಾದಿಸಿದರು. ಅವರು ಭಾಷ್ಯ ಬರೆದ ಬ್ರಹ್ಮಸೂತ್ರಗಳಿಗೇ ಶ್ರೀಕಂಠರು ಶಿವಪರವಾದ ಭಾಷ್ಯವನ್ನೂ, ಶ್ರೀಪತಿಪಂಡಿತರು ವೀರಶೈವ ಮತಾನುಗುಣವಾದ ಶ್ರೀಕರಭಾಷ್ಯವನ್ನೂ ಬರೆದರು. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಒಂಬತ್ತು ಬಾರಿ ಹೇಳುವ ‘ತತ್ ತ್ವಮಸಿ’ ಎಂಬ ಮಹಾವಾಕ್ಯದ ಗತಿಯು ಇನ್ನೂ ಸ್ವಾರಸ್ಯವಾದುದು. ಶಂಕರರು ಅಲ್ಲಿಯ ಎರಡು ಪದಗಳ ವಿರುದ್ಧಾಂಶಗಳನ್ನು ಬಿಡಿಸಿ ನಿರ್ವಿಶೇಷವಾದ ಐಕ್ಯವನ್ನು ಕಂಡರು; ರಾಮಾನುಜರು ಜೀವನನ್ನು ಶರೀರವಾಗಿ ಉಳ್ಳ ಸಗುಣಬ್ರಹ್ಮನನ್ನು ಕಂಡರು; ಮಧ್ವರೋ, ಹಿಂದಿನ ‘ಆತ್ಮಾ’ ಎಂಬ ಪದದ ಕೊನೆಯ ದೀರ್ಘದಲ್ಲಿ ಒಂದು ಅಕಾರವು ಸವರ್ಣದೀರ್ಘಸಂಧಿಯಿಂದ ಅಡಗಿ ಕುಳಿತಿದೆಯೆಂದು ತೋರಿಸಿ, ‘ತತ್’ ಎಂಬುದನ್ನು ‘ಅತತ್’ ಎಂದು ಬಿಡಿಸಿ, ಐಕ್ಯದ ವಾಕ್ಯವನ್ನು ಭೇದದ ವಾಕ್ಯವನ್ನಾಗಿ ಓದಿದರು. ಒಂದು ಹ್ರಸ್ವಾಕಾರವು ಇದೆಯೋ ಇಲ್ಲವೋ ಎಂಬುದರ ಮೇಲೆ ಜೀವೇಶ್ವರರ ಸಂಬಂಧವೆಲ್ಲ ನಿಂತಿತು. ಇದನ್ನು ಪಂಡಿತರ ಜಾಣ್ಮೆಯೆಂದು ತಳ್ಳಿಹಾಕುವವರಿದ್ದಾರೆ. ಶಾಸ್ತ್ರವನ್ನು ಅಕ್ಷರಶಃ ನಂಬಿದವರು ಅಕ್ಷರಕ್ಕಾಗಿ ಹೋರಾಡುವುದು ಸಹಜವೆಂದೇ ನನಗೆ ತೋರುತ್ತದೆ.

ಇವರೆಲ್ಲರ ಪಕ್ಕದಲ್ಲಿ, ಜಗತ್ಕರ್ತನೊಬ್ಬನು ಬೇಕೇ ಇಲ್ಲವೆನ್ನುವ ಜೈನರು ಬಾಳುತ್ತಿದ್ದರು. ನಾಗಮಂಗಲ ಸೀಮೆಯ ಕಂಬದಹಳ್ಳಿಯ ಪಂಚಕೂಟ ಬಸದಿಯು ಅವರ ಹಳೆಯ ನೆಲೆಗಳಲ್ಲೊಂದು. ಸೃಷ್ಟಿಕರ್ತನೆಂಬ ಕಲ್ಪನೆಯನ್ನು ತರ್ಕದಿಂದ ಖಂಡಿಸಿದ ಜಿನಸೇನರನ್ನು ಓದಿ ಬೆಳೆದವರಿಗೆ ಜಿನನು ದೇವರೇ ಹೌದು. ಆದರೆ ಲೋಕವನ್ನು ಮಾಡಿದವನಲ್ಲ, ಗೆದ್ದವನು. ಹೊಯ್ಸಳ ಅರಸನಾದ ವಿಷ್ಣುವರ್ಧನನು ರಾಮಾನುಜರಿಂದ ವೈಷ್ಣವನಾದನೆಂಬ ಐತಿಹ್ಯವನ್ನು ಎಷ್ಟರಮಟ್ಟಿಗೆ ನೆಚ್ಚಬೇಕೆಂಬುದು ಬೇರೆ ಮಾತು. 1133ರಲ್ಲಿ ಅವನ ದಂಡನಾಯಕ ಗಂಗರಾಜನ ಮಗ ಬೊಪ್ಪನು ಹಳೇಬೀಡಿನಲ್ಲಿ ಪಾರ್ಶ್ವನಾಥನನ್ನು ಪ್ರತಿಷ್ಠಿಸಿ ಪ್ರಸಾದವನ್ನು ಕಳುಹಿಸಿದಾಗ, ಅದೇ ಅರಸನು ಅದನ್ನು ಭಕ್ತಿಯಿಂದ ಸ್ವೀಕರಿಸಿ ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು.

ಎರಡು ಶತಮಾನಗಳ ತರುವಾಯ ಈ ನೆರೆಹೊರೆ ಕೆಟ್ಟಿತು. ಶ್ರವಣಬೆಳ್ಗೊಳದ ಭಂಡಾರಿ ಬಸದಿಯಲ್ಲಿ ನಿಂತಿರುವ ಶಕ 1290ರ, ಎಂದರೆ ಕ್ರಿ.ಶ. 1368ರ ಶಾಸನವು ಆ ಕಥೆಯನ್ನು ಹೇಳುತ್ತದೆ. ವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ, ತಿರುಕುಲ ಜಾಂಬವಕುಲಗಳು ಸೇರಿದಂತೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು.

ಈ ‘ಭೇದವಿಲ್ಲ’ ಎಂಬ ಮಾತನ್ನು ಎತ್ತಿಕೊಂಡು, ಎಲ್ಲ ದೇವರೂ ಒಂದೇ ಎಂಬ ತತ್ತ್ವವನ್ನು ಬುಕ್ಕನು ಬೋಧಿಸಿದನೆಂದು ನಮ್ಮ ಭಾಷಣಕಾರರು ಹೇಳುವರು. ಶಾಸನವನ್ನು ಕೊನೆಯವರೆಗೆ ಓದಿದರೆ ಹಾಗೆ ಹೇಳಲು ನಾಲಗೆ ಏಳದು. ಅಲ್ಲಿರುವುದು ಪಂಚಮಹಾವಾದ್ಯಗಳ ಮತ್ತು ಕಳಶದ ಹಕ್ಕು ಜೈನರಿಗೆ ಹಿಂದಿನಂತೆ ಸಲ್ಲಬೇಕೆಂಬ ಕಟ್ಟಳೆ. ಜೈನದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿಯೆಂದು ಎಣಿಸಬೇಕೆಂಬ ಹೊಣೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಕೂಡಿಸಿ, ತಿರುಮಲೆಯ ತಾತಯ್ಯನು ಬೆಳ್ಗೊಳದ ದೇವರ ಕಾವಲಿಗೆ 20 ಜನರನ್ನಿಟ್ಟು, ಮಿಕ್ಕ ಹೊನ್ನಿನಿಂದ ಜೀರ್ಣ ಜಿನಾಲಯಗಳಿಗೆ ‘ಸೊದೆ’ ಬಳಿಸಬೇಕೆಂಬ ಲೆಕ್ಕ. ಸೊದೆಯೆಂದರೆ ಸುಧೆ, ಸುಣ್ಣ. ಈಶ್ವರನು ಸೃಷ್ಟಿಕರ್ತನೋ ಅಲ್ಲವೋ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಕಲ್ಲೆಹದ ಬುಸುವಿಸೆಟ್ಟಿಗೆ ‘ಉಭಯಸಮಯ’ಗಳೂ, ಎಂದರೆ ಎರಡು ಮತಗಳೂ, ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದುವೆಂದು ಅದೇ ಕಲ್ಲು ಮುಂದೆ ಹೇಳುವುದರಿಂದ, ಎರಡು ಸಮಯಗಳು ಎರಡಾಗಿಯೇ ಉಳಿದುವೆಂಬುದು ಸ್ಪಷ್ಟ. ದರ್ಶನವೆಂಬ ಮಾತಿಗೆ ಇಲ್ಲಿ ತತ್ತ್ವಶಾಸ್ತ್ರವೆಂದಲ್ಲ, ಒಂದು ಸಮಯದ ಜನ, ಅವರ ಮರ್ಯಾದೆ, ಅವರ ಗುಡಿಯ ಗೋಡೆ ಎಂದೇ ಅರ್ಥಮಾಡಬೇಕೆಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಆದ ಒಡಂಬಡಿಕೆಯು ಆರಂಭವಾಗುವುದು ರಾಮಾನುಜರ ಸ್ತುತಿಯಿಂದ. ಪಾಷಂಡವೆಂಬ ಸಮುದ್ರವನ್ನು ಹೀರುವ ಬಡಬಾಗ್ನಿಯೆಂದು ಆ ಶ್ಲೋಕವು ಯತಿರಾಜರನ್ನು ಹೊಗಳುತ್ತದೆ. ವೇದವನ್ನು ಒಪ್ಪದ ಜೈನರು ಆ ಸಮುದ್ರದೊಳಗಿನವರೇ ಎಂಬುದು ಅಂದಿನ ಓದುಗರಾರಿಗೂ ತಿಳಿಯದ ಸಂಗತಿಯಲ್ಲ. ಜೈನರು ಆ ಕಲ್ಲನ್ನು ತಮ್ಮ ಬಸದಿಯೊಳಗೇ ನಿಲ್ಲಿಸಿಕೊಂಡರು. ಆ ಸಾಲುಗಳನ್ನು ಕೆತ್ತಿ ತೆಗೆಯಲೂ ಇಲ್ಲ.